ಹಾಯಿದೋಣಿಗೆ ಡೀಸೆಲ್ ಬಿಲ್ ಎಲ್ಲೈತಿ?

ಆಲಮಟ್ಟಿ ಡ್ಯಾಮ್ 519.60 ಮೀಟರ್ ತುಂಬಿದ್ರ 123 ಟಿಎಂಸಿ ನೀರು ನಿಲ್ತೈತಿ, ಹಿನ್ನೀರು ಬಾಗಲಕೋಟಿ ತನಕ ಬಂದು ಹಳೇ ಊರಿನ ಎಷ್ಟೋ ಮನಿ ನುಂಗೈತಿ, ಗಾಳಿಗಂತೂ ನಮ್ಮ ಕಡೆ ಬರಗಾಲ ಇಲ್ಲ. ಆದ್ರ ಆ ನೀರಾಗ ರೇಸಿನ ಹಾಯಿದೋಣಿ ಓಡಿದ್ದು ಯಾರರ ನೋಡೀರೇನ್ರಿ? ಅತ್ತ ಮಧ್ಯಪ್ರದೇಶಕ್ಕ ಸಮುದ್ರನ ಇಲ್ಲ, ಭೋಪಾಲದ ಕೆರ್ಯಾಗ ಕಲ್ತ ನೇಹಾ ಠಾಕೂರ್, ರೈತನ ಮಗಳು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ್ಯಾಗ ಬೆಳ್ಳಿ ಹೊಡಕೊಂಡ ಬಂದ್ಲು. ಇದನ್ನ ನಮ್ಮ ಕ್ರೀಡಾ ಇಲಾಖೆ ಸಾಹೇಬ್ರ ಮುಂದ ಹೇಳಿ ನೋಡ್ರಿ, "ಅದು ಸಮುದ್ರದ ಆಟ ರೀ, ಮಂಗಳೂರಾಗ ಕೇಳ್ರಿ" ಅಂತಾರ.

ಇರ್ಲಿ, ನಮ್ಮೂರ ಹುಡುಗ ಒಬ್ಬಾಂವ ಹಟಕ್ಕ ಬಿದ್ದು ಡಿಂಗಿ ಸೇಲರ್, ಅಂದ್ರ ಸಣ್ಣ ಹಾಯಿದೋಣಿ ಓಡಸಾಂವ, ಆದ ಅಂತ ಇಟ್ಕೊಳ್ರಿ. ಸಣ್ಣಾಂವ ಇದ್ದಾಗ ಆಪ್ಟಿಮಿಸ್ಟ್ ಅನ್ನೂ ಹುಡುಗರ ಬೋಟು, ಆಮ್ಯಾಲೆ ಇಲ್ಕಾ 4, ಮುಂದ ಇಲ್ಕಾ 7, ಅಂದ್ರ ಮೊದ್ಲ ಲೇಸರ್ ಅಂತಿದ್ರಲ್ಲ ಅದ, ಹೆಚ್ಚೂಕಮ್ಮಿ 14 ಫೂಟಿನ ಬೋಟು, ಒಬ್ಬಾಂವನ ನಡಸಬೇಕು. ಗಾಳಿ ಜೋರಾತಂದ್ರ ಪಟ್ಟಿಗೆ ಕಾಲ ಸಿಗಸಿ ಇಡೀ ಮೈ ಬೋಟಿನ ಹೊರಗ ಚಾಚಿ ಕುಂದ್ರಬೇಕು, ತೊಡಿ ಉರದು ಬೆಂಕಿ ಆಗ್ತಾವು. ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸಿಗೆ ಹೋಗಿ ಬಂದ ಸೇಲರ್ ವಿಷ್ಣು ಸರವಣನ್ ಸೈನ್ಯದಾಗಿನ ಮನುಷ್ಯ. ಈ ದೇಶದಾಗ ಹಾಯಿ ಕಟ್ಟಿ ಹೊಟ್ಟಿ ತುಂಬಬೇಕಂದ್ರ ಯೂನಿಫಾರ್ಮ್ ಹಾಕ್ಕೊಳ್ಳೂದ ಸಲೀಸು ಅನಸ್ತೈತಿ. ನಮ್ಮ ಹುಡುಗ ಹಾಕ್ಕೊಳ್ಳಲಿಲ್ಲ, ಸೀದಾ ಕ್ರೀಡಾ ಇಲಾಖೆ ಆಫೀಸಿಗೆ ಸಹಾಯಧನದ ಅರ್ಜಿ ತಗೊಂಡ ಹೋದ.

"ಡೀಸೆಲ್ ಬಿಲ್ ಎಲ್ಲೈತಿ?" ಅಂದ ಕ್ಲರ್ಕ್.

"ಸರ್, ಇದಕ್ಕ ಇಂಜಿನ್ ಇರೂದಿಲ್ರಿ, ಗಾಳಿ ಮ್ಯಾಲ ಓಡ್ತೈತಿ."

"ಹಂಗಾರ ಗಾಳಿ ಬಿಲ್ ಹಚ್ಚು. ಎಷ್ಟ ಕಿಲೋಮೀಟರ್ ಓಡಿಸಿ?"

ಗಾಳಿಗೆ ಎದುರು ನೆಟ್ಟಗ ಹೋಗಾಕ ಬರೂದಿಲ್ಲ, ಆ ಕಡೆ ಈ ಕಡೆ ಟ್ಯಾಕ್ ಹೊಡಕೋತ ಹೋಗಬೇಕು ಅಂತ ಹುಡುಗ ಕಾಗದದ ಮ್ಯಾಲ ಗೆರಿ ಎಳದು ತೋರಿಸಿದ. ಆಡಿಟ್‌ನಾವ್ರು ಒಪ್ಪೂದಿಲ್ಲ, ಹತ್ರದ ದಾರಿ ಲೆಕ್ಕದಾಗಷ್ಟ ರೊಕ್ಕ, ಅಡ್ಡಾಡಿದ್ದು ನಿನ್ನ ಸ್ವಂತ ಖರ್ಚು ಅಂದ ಕ್ಲರ್ಕ್.

ಇನ್ನ ಅಂಕದ ಕಾಲಂ ಬಂತು, ಅಲ್ಲೇ ಖರೇ ಗದ್ಲ. ಸೇಲಿಂಗ್‌ನ್ಯಾಗ ಫಸ್ಟ್ ಬಂದಾವಗ 1 ಪಾಯಿಂಟು, ಹತ್ತನೇದಾವಗ 10, ರೇಸಿನ ಪಾಯಿಂಟು ಕೂಡಿಸಿ ಕಡಿಮಿ ಯಾರದ ಐತಿ ಅಂವ ಗೆದ್ದಂಗ. ಆಫೀಸಿನ ಕಂಪ್ಯೂಟರಿಗೆ ಅದೇನ ಗೊತ್ತರೀ, ಜಾಸ್ತಿ ಅಂಕ ಕಂಡ್ರ ಮ್ಯಾಲ ಒಯ್ತೈತಿ. ಹಿಂಗಾಗಿ ಎಲ್ಲಾ ರೇಸಿನ್ಯಾಗೂ ಕಡೀಕ ಬಂದ ಸಾಹೇಬ್ರ ಅಳಿಯ ಮೆರಿಟ್ ಲಿಸ್ಟಿಗೆ ಫಸ್ಟ್. ನಮ್ಮ ಹುಡುಗನ ಹೆಸರಿನ ಮುಂದ "ಅಂಕ ಕಡಿಮೆ, ತಿರಸ್ಕೃತ" ಅಂತ ಸಿಕ್ಕಾ ಬಿತ್ತು. ಅಳಿಯಗ ಈಜೂ ಬರೂದಿಲ್ಲ ಅಂತಾರಪಾ, ನನಗ ಗೊತ್ತಿಲ್ಲ.

ಹುಡುಗ ಕಡೀದೊಂದು ಕೇಳೇ ಬಿಟ್ಟ: "ಸರ್, ಹೋದ ರೇಸಿನ್ಯಾಗ ಬೋಟ್ ಮಗುಚಿ ಹಾಯಿ ಹರೀತು, ಅದಕ್ಕರ ಏನರ ಸಹಾಯ..."

ಕ್ಲರ್ಕ್ ಚಾದ ಕಪ್ಪು ಕೆಳಗಿಟ್ಟ. "ನೀರಾಗ ಮುಳಗ್ತು ಅಂದಿ? ಮೊದ್ಲ ಹೇಳಾಕ ಏನಾಗಿತ್ತೋ ತಮ್ಮಾ, ಅದು ನಮ್ಮ ಕಡೆ ಬರೂದಿಲ್ಲ. ಮುಳುಗಡೆ ಪರಿಹಾರದ ಆಫೀಸಿಗೆ ಹೋಗು. ಹೋಗೂಮುಂದ ಬೋಟಿನ ಉತಾರ ಒಯ್ಯಾಕ ಮರೀಬ್ಯಾಡ."