ಹಾವಿಗೆ ‘ಸ’ಕಾರ, ಮಾರ್ಕಿಗೆ ನಮಸ್ಕಾರ

ರೋಮಿನ ಕವಿ ವರ್ಜಿಲ್ ತನ್ನ ‘ಈನಿಯಡ್’ ಕಾವ್ಯದ ರಿವಿಷನ್‌ಗೆ ಇನ್ನೂ ಮೂರು ವರ್ಷ ಬೇಕು ಅಂದಿದ್ದ. ಅಷ್ಟು ಹೊತ್ತಿಗೆ ಅದರ ಹಿಂದೆ ಹನ್ನೊಂದು ವರ್ಷ ಕಳೆದಿತ್ತು. ಗ್ರೀಸ್ ಕಡೆ ಹೋಗಿ ನೆಮ್ಮದಿಯಾಗಿ ಕೂತು ತಿದ್ದುತ್ತೇನೆ ಅಂತ ಹೊರಟವನು ಅಲ್ಲಿ ಕಾಯಿಲೆ ಬಿದ್ದ. ಇಟಲಿಗೆ ವಾಪಸ್ ಬಂದು, ಬ್ರಿಂಡಿಸಿ ಬಂದರಿನಲ್ಲಿ ಕ್ರಿ.ಪೂ. 19ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಕಾವ್ಯವನ್ನು ಸುಟ್ಟುಬಿಡಿ ಅಂದಿದ್ದನಂತೆ. ಚಕ್ರವರ್ತಿ ಅಗಸ್ಟಸ್ ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೇ ಹೊರಗೆ ಬರಲಿ ಅಂದ. ಅದಕ್ಕೇ ಇವತ್ತಿಗೂ ಅದರಲ್ಲಿ ಐವತ್ತಕ್ಕೂ ಹೆಚ್ಚು ಸಾಲುಗಳು ಅರ್ಧಕ್ಕೇ ನಿಂತಿವೆ.

ಅದೇ ಕಾವ್ಯದ ರಿವಿಷನ್‌ಗೆ ನನ್ನ ಮಗಳಿಗೆ ಉಳಿದಿದ್ದು ಒಂದು ರಾತ್ರಿ. ಅದರಲ್ಲೂ ಊಟಕ್ಕೆ ಅರ್ಧ ಗಂಟೆ, ಫೋನಿಗೆ ಒಂದು ಗಂಟೆ ಹೋಗಿತ್ತು.

ನಾವಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಹದಿನಾರರ ಮಕ್ಕಳು ಬರೆಯುವ ಜಿಸಿಎಸ್‌ಇ ಅಂದರೆ ಹೆಚ್ಚುಕಮ್ಮಿ ನಮ್ಮ ಎಸ್ಸೆಸ್ಸೆಲ್ಸಿ. ಫ್ರೆಂಚ್ ತಗೊಂಡಿದ್ದರೆ ಪ್ಯಾರಿಸ್ಸಿನಲ್ಲಿ ಒಂದು ಬ್ರೆಡ್ಡಾದರೂ ಕೇಳಬಹುದಿತ್ತು. ಇವಳು ಲ್ಯಾಟಿನ್ ತಗೊಂಡಳು. ಊರಿಂದ ಅಮ್ಮ ಫೋನಿನಲ್ಲಿ ಕೇಳಿದರು, “ಅದನ್ನ ಯಾವ ಊರಲ್ಲಿ ಮಾತಾಡ್ತಾರೋ?”

“ಯಾವ ಊರಲ್ಲೂ ಇಲ್ಲಮ್ಮ.”

“ಓ, ನಮ್ಮ ಸಂಸ್ಕೃತದ ಹಾಗೆ! ಹಾಗಾದ್ರೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಬರುತ್ತೆ, ಸುಮ್ನಿರು.”

ಕಾವ್ಯ ಇರುವುದು ಹನ್ನೆರಡು ಸರ್ಗ, ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಸಾಲು. ಇವಳ ಸಿಲಬಸ್ಸಿಗೆ ಬಂದದ್ದು ಎರಡನೇ ಸರ್ಗದ ನೂರು ಚಿಲ್ಲರೆ ಸಾಲು. ಟ್ರಾಯ್ ಊರಿನ ಬಾಗಿಲಿಗೆ ಬಂದು ನಿಂತ, ಹೊಟ್ಟೆಯೊಳಗೆ ಶತ್ರು ಗ್ರೀಕರು ಅಡಗಿ ಕೂತ ಮರದ ಕುದುರೆಯ ಕಥೆ. ಲಾವೊಕೊವನ್ ಅನ್ನೋ ಪೂಜಾರಿ ‘ಇದನ್ನ ನಂಬಬೇಡಿ, ಗ್ರೀಕರು ಉಡುಗೊರೆ ತಂದರೂ ನನಗೆ ಭಯವೇ’ ಅಂತ ಬಡಿದುಕೊಂಡು ಕುದುರೆಗೆ ಈಟಿ ಎಸೆಯುತ್ತಾನೆ. ಅಷ್ಟರಲ್ಲಿ ಸಮುದ್ರದಿಂದ ಎರಡು ದೊಡ್ಡ ಹಾವು ಬಂದು ಅವನನ್ನೂ ಅವನ ಇಬ್ಬರು ಗಂಡುಮಕ್ಕಳನ್ನೂ ಸುತ್ತಿ ಕೊಲ್ಲುತ್ತವೆ. ಜನ ನೋಡಿದರು. ಓಹೋ, ಕುದುರೆಗೆ ಅವಮಾನ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂದರು. ಊರಿನ ಗೋಡೆ ಒಡೆದು ಕುದುರೆಯನ್ನು ಒಳಗೆ ಎಳೆದುಕೊಂಡರು. ಸತ್ಯ ಹೇಳಿದವನ ಗತಿ ಏನಾಗುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ. ಆದರೆ ಅದು ಪರೀಕ್ಷೆಗೆ ಬರಲ್ಲ.

ಪರೀಕ್ಷೆಗೆ ಬರುವುದು ಏನು ಅಂತ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿತ್ತು. ಮೂರು ಬಣ್ಣದ ಕಾರ್ಡುಗಳು. ಗುಲಾಬಿಯಲ್ಲಿ ಅನುವಾದ. ಹಳದಿಯಲ್ಲಿ ಶೈಲಿ. ಹಸಿರಿನಲ್ಲಿ ಸ್ವಂತ ಅನಿಸಿಕೆ. “ಅಪ್ಪಾ, ನನ್ನ ಟೆಸ್ಟ್ ಮಾಡು” ಅಂತ ಕಟ್ಟನ್ನು ನನ್ನ ಕೈಗೆ ಕೊಟ್ಟು, ಚಕ್ಕುಲಿ ಡಬ್ಬ ಹತ್ತಿರಕ್ಕೆ ಎಳೆದುಕೊಂಡಳು.

ಅನುವಾದ ಅಂದರೆ ಲ್ಯಾಟಿನ್ ಓದಿ ಇಂಗ್ಲಿಷಿಗೆ ತರುವುದು ಅಂತ ನಾನು ತಿಳಿದಿದ್ದೆ. ದಡ್ಡ ನಾನು. ಇಂಗ್ಲಿಷ್ ಮೊದಲೇ ಬಾಯಿಪಾಠ ಆಗಿರುತ್ತೆ. ಪ್ರಶ್ನೆಪತ್ರಿಕೆಯಲ್ಲಿ ಲ್ಯಾಟಿನ್ನಿನ ಮೊದಲ ಪದ ಗುರುತು ಹಿಡಿದರೆ ಸಾಕು, ಅಲ್ಲಿಂದ ಟೇಪು ತಾನೇ ಓಡುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ. ಪ್ರಿಪರೇಟರಿಯಲ್ಲಿ ಇವಳ ಗೆಳತಿಗೆ ನಾಲ್ಕು ಸಾಲು ಕೊಟ್ಟಿದ್ದರಂತೆ. ಅವಳು ಪೂಜಾರಿಯನ್ನು ಕೊಂದು, ಅಷ್ಟಕ್ಕೇ ಬಿಡದೆ ಊರಿನ ಗೋಡೆ ಒಡೆದು, ಕುದುರೆಯನ್ನು ಒಳಗೆ ಎಳೆದು ತಂದಿದ್ದಾಳೆ. ಬೆಲ್ ಹೊಡೆಯದೇ ಇದ್ದಿದ್ದರೆ ಊರಿಗೆ ಬೆಂಕಿಯೂ ಬೀಳುತ್ತಿತ್ತು.

ಹಳದಿ ಕಾರ್ಡು ತೆಗೆದೆ. ಮೇಲೆ ಒಂದು ಸಾಲು: ‘ಸಿಬಿಲಾ ಲಂಬೇಬಂಟ್ ಲಿಂಗ್ವಿಸ್ ವಿಬ್ರಾಂಟಿಬುಸ್ ಓರಾ’. ಅಲುಗಾಡುವ ನಾಲಿಗೆಯಿಂದ ಹಾವುಗಳು ಬುಸುಗುಡುವ ತಮ್ಮ ಬಾಯನ್ನೇ ನೆಕ್ಕಿಕೊಂಡವು ಅಂತ ಅರ್ಥ.

“ಸಿಬಿಲೆನ್ಸ್” ಅಂದಳು ಮಗಳು, ನಾನಿನ್ನೂ ಪ್ರಶ್ನೆ ಕೇಳಿರಲಿಲ್ಲ. “ಸ ಸ ಅನ್ನೋ ಸೌಂಡು ಹಾವಿನ ಹಿಸ್ ಥರ ಕೇಳಿಸುತ್ತೆ. ಎರಡು ಮಾರ್ಕು.”

ನಾನು ಕನ್ನಡ ಮೀಡಿಯಮ್ಮಿನವನು. ಎಣಿಸಿದೆ. ಸ ಮೂರು ಇದೆ. ಬ ಐದು ಇದೆ.

“ಪುಟ್ಟಿ, ಇದರಲ್ಲಿ ಬ ಜಾಸ್ತಿ ಇದೆಯಲ್ಲೇ. ಅದೂ ‘ವಿಬ್ರಾಂಟಿ-ಬುಸ್’! ಹಾವು ಬುಸ್ ಅಂತ ತಾನೇ ಅನ್ನೋದು?”

“ಅಪ್ಪಾ, ಬುಸ್‌ಗೆ ಮಾರ್ಕಿಲ್ಲ.”

ಎರಡು ಸಾವಿರ ವರ್ಷದ ಹಿಂದೆ ಒಬ್ಬ ಕವಿ ನಮ್ಮ ಹಾವಿನ ಹಾಗೇ ಬುಸ್ ಅಂದಿದ್ದಾನೆ. ಅದಕ್ಕೆ ಮಾರ್ಕಿಲ್ಲ! ಇರಲಿ.

ಅದೇ ಹಾವುಗಳು ಬರುವಾಗ ಕಥೆ ಹೇಳುತ್ತಿರುವ ಕಾವ್ಯದ ನಾಯಕ ಈನಿಯಸ್ ನಡುವೆ ಎರಡೇ ಪದ ಹೇಳುತ್ತಾನೆ: ‘ಹೊರೆಸ್ಕೊ ರೆಫೆರೆನ್ಸ್’. ಹೇಳುವಾಗಲೇ ಮೈ ಜುಂ ಅನ್ನುತ್ತೆ ಅಂತ. ತನ್ನ ಊರು ಸುಟ್ಟುಹೋದವನು, ಪರದೇಶದ ರಾಣಿಯೊಬ್ಬಳ ಮನೆಯಲ್ಲಿ ಊಟ ಮುಗಿಸಿ, ಕೇಳಿದ್ದಕ್ಕೆ ಒಲ್ಲದ ಮನಸ್ಸಿನಿಂದ ಹೇಳುತ್ತಿರುವ ಕಥೆ ಇದು. ಕಾರ್ಡು ತಿರುಗಿಸಿದೆ. ‘ಬ್ರಾಕೆಟ್ ಬಳಕೆ. ಪರಿಣಾಮಕಾರಿ. 1 ಮಾರ್ಕು.’ ತಮಾಷೆ ಏನಂದರೆ ಆ ಬ್ರಾಕೆಟ್ಟು ವರ್ಜಿಲ್ ಹಾಕಿದ್ದಲ್ಲ. ಅವನ ಕಾಲದಲ್ಲಿ ಆ ಗುರುತೇ ಇರಲಿಲ್ಲ. ಎಷ್ಟೋ ಶತಮಾನ ಆದಮೇಲೆ ಓದುವವರಿಗೆ ಅನುಕೂಲ ಆಗಲಿ ಅಂತ ಹಾಕಿದ್ದು. ಮಾರ್ಕು ಹೋಗುತ್ತಿರುವುದು ಅಚ್ಚುಕೂಟಕ್ಕೆ.

ಹಸಿರು ಕಾರ್ಡಿನ ಮುಂದೆ ಇವೆಲ್ಲ ಏನೂ ಅಲ್ಲ. ಸ್ವಂತ ಅನಿಸಿಕೆಗಳು ಒಟ್ಟು ಹದಿನಾಲ್ಕು. ತರಗತಿಯಲ್ಲಿ ಪ್ರಿಂಟ್ ಹಾಕಿ ಹಂಚಿದ್ದು. “ನನಗೆ ವೈಯಕ್ತಿಕವಾಗಿ ಈ ಸಾಲು ತುಂಬಾ ಮನ ಕಲಕಿತು” ಅಂತ ಇಪ್ಪತ್ತೆಂಟು ಮಕ್ಕಳೂ ಒಂದೇ ಸಾಲಿಗೆ, ಒಂದೇ ಅಳತೆಯಲ್ಲಿ ಮನ ಕಲಕಿಸಿಕೊಳ್ಳಬೇಕು. ಇವಳು ಒಂಬತ್ತನೇ ಸ್ವಂತ ಅನಿಸಿಕೆಯಲ್ಲಿ ತಡವರಿಸಿದಳು. “ಅಯ್ಯೋ, ಇಲ್ಲಿ ನನಗೆ ಏನನಿಸುತ್ತೆ ಅನ್ನೋದೇ ಮರೆತುಹೋಯ್ತು” ಅಂದಳು. ಚಕ್ಕುಲಿ ಕಚ್ಚುತ್ತಾ, ತೀರಾ ಸಹಜವಾಗಿ.

ನಗೋಕೆ ಹೋದೆ. ನಗು ಬರಲಿಲ್ಲ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ನೆನಪಾಯಿತು. ಯಾವ ಪದ್ಯವೇ ಇರಲಿ, ಸ್ವಾರಸ್ಯದ ಕೆಳಗೆ ನಾವು ಬರೆಯುತ್ತಿದ್ದ ವಾಕ್ಯ ಒಂದೇ: ‘ಕವಿಯು ಇಲ್ಲಿ ಬಹಳ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ.’ ಗೈಡಿನಲ್ಲಿ ಹಾಗೇ ಇತ್ತು. ನಾವು ಆ ಸುಖ ಬಿಟ್ಟು, ವೀಸಾ ಹಾಕಿಸಿ, ಏಳು ಸಮುದ್ರ ದಾಟಿ ಬಂದದ್ದು ಮಕ್ಕಳು ಬಾಯಿಪಾಠದ ಕಾಟ ಇಲ್ಲದೆ ಸ್ವಂತವಾಗಿ ಯೋಚನೆ ಮಾಡಲಿ ಅಂತ. ಇಲ್ಲಿ ಸ್ವಂತ ಯೋಚನೆಯೇ ಬಾಯಿಪಾಠ.

ಇಂಗ್ಲೆಂಡನ್ನು ದೂರಿ ಪ್ರಯೋಜನವಿಲ್ಲ. ಈ ನೆಲಕ್ಕೆ ಈ ಕಾವ್ಯದ ಹೋಂವರ್ಕು ಹೊಸದಲ್ಲ. ಉತ್ತರದಲ್ಲಿ ಹೇಡ್ರಿಯನ್ ಗೋಡೆಯ ಹತ್ತಿರ ವಿಂಡೊಲಾಂಡ ಅನ್ನೋ ರೋಮನ್ ಕೋಟೆ ಇತ್ತು. ಅಲ್ಲಿ ನೆಲ ಅಗೆದಾಗ ಶಾಯಿಯಲ್ಲಿ ಬರೆದ ತೆಳು ಮರದ ಹಲಗೆಗಳು ಸಿಕ್ಕಿವೆ. ಸುಮಾರು 1900 ವರ್ಷ ಹಳೆಯವು. ಒಂದರಲ್ಲಿ ಯಾರೋ ಈನಿಯಡ್‌ನ ಒಂಬತ್ತನೇ ಸರ್ಗದ ಸಾಲೊಂದನ್ನು ಕಾಪಿ ಬರೆದಿದ್ದಾರೆ. ತಪ್ಪುತಪ್ಪಾಗಿ. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ ‘ಸೆಗ್’ ಅಂತಿದೆ. ‘ಸೋಮಾರಿ ಕೆಲಸ’ ಅನ್ನೋದರ ಲ್ಯಾಟಿನ್ ಮೊಟಕು ಅಂತ ವಿದ್ವಾಂಸರು ಓದಿದ್ದಾರೆ. ಸಾಮ್ರಾಜ್ಯ ಹೋಯಿತು, ಕೋಟೆ ಹೋಯಿತು, ಮೇಷ್ಟ್ರ ಕೆಂಪು ಶಾಯಿ ಮಾತ್ರ ಉಳಿಯಿತು.

ರೋಮಿನಲ್ಲೂ ಅಷ್ಟೇ. ಜುವೆನಲ್ ಅಂತ ಒಬ್ಬ ವಿಡಂಬನಕಾರ ಇದ್ದ, ನಮ್ಮ ಕಸುಬಿನವನೇ. ಸ್ನಾನಕ್ಕೆ ಹೊರಟ ಮೇಷ್ಟ್ರನ್ನು ದಾರಿಯಲ್ಲಿ ತಡೆದು ಪೋಷಕರು ಈ ಕಾವ್ಯದ ಬಗ್ಗೆ ಏನೇನು ಕೇಳುತ್ತಿದ್ದರು ಅಂತ ಬರೆದಿದ್ದಾನೆ. ಈನಿಯಸ್‌ನ ಅಪ್ಪನನ್ನು ಸಾಕಿದ ದಾದಿಯ ಹೆಸರೇನು? ಟ್ರಾಯ್ ಜನಕ್ಕೆ ಸಿಸಿಲಿಯ ದೊರೆ ಎಷ್ಟು ಜಾಡಿ ವೈನ್ ಕೊಟ್ಟ? ತಟ್ಟಂತ ಹೇಳಬೇಕು. ಸಂಬಳ ಕೊಡುವಾಗ ಮಾತ್ರ ಯಾರಿಗೂ ಆ ಅವಸರ ಇಲ್ಲ.

ಈಗಿನ ಸರ್ಕಾರಗಳಿಗೂ ಇಲ್ಲ. ಲ್ಯಾಟಿನ್ ಬರೀ ದುಡ್ಡಿದ್ದವರ ಮಕ್ಕಳ ವಿಷಯ ಆಗಬಾರದು ಅಂತ 2021ರಲ್ಲಿ ಇಲ್ಲಿ ಒಂದು ಯೋಜನೆ ಘೋಷಣೆ ಆಯಿತು. 40 ಸರ್ಕಾರಿ ಶಾಲೆ, 40 ಲಕ್ಷ ಪೌಂಡು. ಸರ್ಕಾರ ಬದಲಾಯಿತು. 2025ರ ಫೆಬ್ರವರಿಯಲ್ಲಿ, ಶಾಲಾ ವರ್ಷದ ನಡುಮಧ್ಯೆ, ದುಡ್ಡು ನಿಂತಿತು. ಪರೀಕ್ಷೆ ಮೇ ತಿಂಗಳಲ್ಲಿ. ವರ್ಜಿಲ್‌ನ ಸಾಲಿನ ಹಾಗೆ ಮಕ್ಕಳನ್ನೂ ಅರ್ಧಕ್ಕೇ ನಿಲ್ಲಿಸಿದರು. ಅವನಿಗಾದರೂ ಸತ್ತೆ ಅನ್ನೋ ಕಾರಣ ಇತ್ತು.

ಹನ್ನೊಂದೂವರೆಗೆ ಮಗಳ ಫೋನು ಟಿಣ್ ಅಂದಿತು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ: ‘ನಾಳೆ ಹಾವು ಗ್ಯಾರಂಟಿ. ಕುದುರೆ ಹೋದ ಸಲವೇ ಬಂದಿದೆ.’ ಯಾರದೋ ಅಣ್ಣನಿಗೆ ಯಾರೋ ಹೇಳಿದ್ದಂತೆ. ಕುದುರೆಯ ಕಾರ್ಡುಗಳೆಲ್ಲ ತಕ್ಷಣ ಪಕ್ಕಕ್ಕೆ ಹೋದವು. ನಮ್ಮ ಕಾಲದ ಗೆಸ್ ಪೇಪರ್ ಇನ್ನೂ ಜೀವಂತ ಇದೆ ಅಂತ ನನಗೆ ಒಂಥರಾ ಖುಷಿಯೇ ಆಯಿತು. ಅಂದ ಹಾಗೆ, ವಿಂಡೊಲಾಂಡದಲ್ಲಿ ಕಾಪಿ ಬರೆದ ಸಾಲು ಯಾವುದು ಗೊತ್ತಾ? ‘ಅಷ್ಟರಲ್ಲಿ ರೆಕ್ಕೆ ಕಟ್ಟಿಕೊಂಡ ಗಾಳಿಸುದ್ದಿ ಹೆದರಿದ ಊರಿನ ತುಂಬ ಹಾರಾಡುತ್ತಾ...’

ನಾನೂ ಏನಾದರೂ ಕೈಲಾದ ಸಹಾಯ ಮಾಡಬೇಕಲ್ಲ. ಛಂದಸ್ಸಿಗೆ ಕೈ ಹಾಕಿದೆ. ಸಾಲಿನ ಐದನೇ ಗಣ ನೋಡು, ಗುರು ಲಘು ಲಘು, ಇದು ನಮ್ಮ ಭಗಣ ಕಣೇ, ಪ್ರಸ್ತಾರ ಹಾಕಿ ತೋರಿಸ್ತೀನಿ ಅಂತ ಪೆನ್ನು ತೆಗೆದೆ. ಮೂವತ್ತು ವರ್ಷದಿಂದ ಈ ಒಂದು ವಿದ್ಯೆ ಯಾವ ಕೆಲಸಕ್ಕೂ ಬಂದಿರಲಿಲ್ಲ. “ಅಪ್ಪಾ, ಅದು ಸಿಲಬಸ್ಸಲ್ಲಿಲ್ಲ” ಅಂದಳು. ಪೆನ್ನು ಮುಚ್ಚಿದೆ.

ಅವಳು ಮಲಗೋಕೆ ಹೋದಮೇಲೆ ಪುಸ್ತಕ ನನ್ನ ಕೈಯಲ್ಲೇ ಉಳಿಯಿತು. ಎದುರು ಪುಟದ ಇಂಗ್ಲಿಷ್ ಹಿಡಿದು ಮುಂದೆ ಓದಿದೆ. ಸಿಲಬಸ್ ಮುಗಿದ ಗೆರೆಯ ಆಚೆಗೆ. ಊರು ಉರಿಯುತ್ತಿದೆ. ಈನಿಯಸ್ ಕಾಲು ಬಾರದ ಅಪ್ಪನನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಪುಟ್ಟ ಮಗ ಅವನ ಬಲಗೈ ಹಿಡಿದು ಬರುತ್ತಿದ್ದಾನೆ, ಅಪ್ಪನ ಹೆಜ್ಜೆಗೆ ಹೆಜ್ಜೆ ಸರಿಹೋಗದೆ. ಹೆಂಡತಿ ಹಿಂದೆ. ತಿರುಗಿ ನೋಡುವಷ್ಟರಲ್ಲಿ ಹೆಂಡತಿ ಇಲ್ಲ. ಅಲ್ಲಿಗೇ ಸ್ವಲ್ಪ ಹೊತ್ತು ನಿಲ್ಲಿಸಿದೆ. ಅಮ್ಮ ಅಲ್ಲಿ, ಊರಲ್ಲಿ, ಒಬ್ಬರೇ.

ಇದನ್ನು ಮಗಳಿಗೆ ಓದಿ ಹೇಳೋಣ ಅಂತ ಮೇಲೆ ಹೋದೆ. ದೀಪ ಹಾಕಿಕೊಂಡೇ ನಿದ್ದೆ ಹೋಗಿದ್ದಳು. ಒಂದು ಹಸಿರು ಕಾರ್ಡು ಕೆನ್ನೆಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದೆ. ಒಂಬತ್ತನೇ ಅನಿಸಿಕೆ.

ಮಾರನೆಯ ದಿನ ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಕಾರಿಗೆ ಹತ್ತಿದಳು. ಬೆಲ್ಟು ಹಾಕಿಕೊಳ್ಳುವ ಮುಂಚೆಯೇ ಕೇಳಿದೆ.

“ಹಾವು ಬಂತಾ?”

“ಇಲ್ಲ. ಕುದುರೆ.”

“ಅಯ್ಯೋ. ಮತ್ತೆ ಏನ್ ಬರೆದೆ?”

“ಸಿಬಿಲೆನ್ಸೇ ಬರೆದೆ.”

“ಮರದ ಕುದುರೆ ಹೆಂಗೆ ಬುಸುಗುಡುತ್ತೆ?”

“ಕುದುರೆ ಅಲ್ಲಪ್ಪಾ. ಒಳಗೆ ಕೂತಿದ್ದಾರಲ್ಲ ಗ್ರೀಕರು, ಅವರು. ಹೊರಗಡೆ ಈಟಿ ಬಂದು ಢಣ್ ಅಂದಾಗ ಒಬ್ಬರಿಗೊಬ್ಬರು ‘ಶ್... ಶ್... ಸುಮ್ನಿರು’ ಅಂತಾರಲ್ವಾ? ಆ ಸೌಂಡು ಅಂತ ಬರೆದೆ.”

ನಾನು ಗೇರು ಹಾಕೋದನ್ನೇ ಮರೆತೆ.

“ಇದು ಯಾವ ಕಾರ್ಡಿನಲ್ಲಿತ್ತೇ?”

“ಯಾವುದ್ರಲ್ಲೂ ಇಲ್ಲ” ಅಂದಳು, ಸಪ್ಪೆ ಮುಖ ಮಾಡಿಕೊಂಡು. “ಸುಮ್ನೆ ನಂಗೇ ಹೊಳೀತು. ಮಾರ್ಕ್ ಕೊಡ್ತಾರೋ ಇಲ್ವೋ.”