ಹಸಿ ಕಸ ನೇರ ಹೊಲಕ್ಕೆ ಬೇಡ

ಬೆಂಗಳೂರಿನ ಹಸಿ ಕಸವನ್ನು ಲಾರಿಯಲ್ಲಿ ಸಾಗಿಸಿ ಸುತ್ತಲಿನ ಹೊಲಗಳಿಗೆ ಹಾಗೆಯೇ ಹರಡಿದರೆ ರೈತರಿಗೆ ಪುಕ್ಕಟೆ ಗೊಬ್ಬರವಾಗುತ್ತದೆ ಎಂದು ಲೇಖನವೊಂದು ಹೇಳಿತ್ತು; ಆ ಮಾತು ತಪ್ಪು. ತರಗೆಲೆ, ಕಾಗದ ಬೆರೆತ ಕಸ ಮಣ್ಣಿನಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಕಬಳಿಸುತ್ತವೆ, ರಾಗಿ ಪೈರು ಹಳದಿಗೆ ತಿರುಗುತ್ತದೆ. ಮೊದಲು ಕಾಂಪೋಸ್ಟ್ ಆಗಲೇಬೇಕು. ತೂಕದಲ್ಲಿ ಎರಡು ಪಾಲು ಹಸಿ ಕಸಕ್ಕೆ ಒಂದು ಪಾಲು ತರಗೆಲೆ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ, ವಾರಕ್ಕೊಮ್ಮೆ ಮಗುಚುವುದು. ರಾಶಿಯ ಒಡಲು ಕೆಲವು ದಿನವಾದರೂ 55 ಡಿಗ್ರಿ ದಾಟದಿದ್ದರೆ ಟೊಮೆಟೊ ಬೀಜ ಸಾಯುವುದಿಲ್ಲ, ಗೊಬ್ಬರ ಬಿದ್ದಲ್ಲೆಲ್ಲ ಅದೇ ಮೊಳೆಯುತ್ತದೆ.

ದೊಡ್ಡ ಕಾಟ ಪ್ಲಾಸ್ಟಿಕ್. ದೊಡ್ಡ ಕವರ್ ಕೈಗೆ ಸಿಗುತ್ತದೆ. ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿ ಬಿಸಾಡಿದ ಉಗುರಿನಷ್ಟು ಮೂಲೆ ಸಿಗುವುದಿಲ್ಲ, ಮಡಚಿಕೊಂಡು 4 ಮಿಲಿಮೀಟರ್ ಜರಡಿಯಲ್ಲೂ ನುಸುಳಿ ಹೊಲ ಸೇರುತ್ತದೆ. ಪೇಟೆಯ ಮನೆಗಳಲ್ಲಿ ಆ ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಲಿ.

ರೈತರು ಕಾಂಪೋಸ್ಟ್ ಲೋಡ್ ತರಿಸಿಕೊಳ್ಳುವ ಮೊದಲೇ ಸ್ಯಾಂಪಲ್ ತರಿಸಿ, ಒಂದು ಹಿಡಿ ಒದ್ದೆ ಮಾಡಿ, ಬಾಯಿ ಕಟ್ಟಿದ ಕವರಿನಲ್ಲಿ ಮೂರು ದಿನ ಇಡಲಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ನಾತ ಬಂದರೆ ಅದು ಇನ್ನೂ ಪೂರ್ತಿ ಕೊಳೆತಿಲ್ಲ, ಆ ಲೋಡ್ ಬೇಡವೆನ್ನಲಿ.