ಲಾನ್‌ಗೆ ಪೈಪ್ ಹಾಕುವ ಮೊದಲು ಚಳಿಗಾಲದ ಬಗ್ಗೆ ಯೋಚಿಸಿ

ಹಿಮ ಬೀಳುವ ಊರುಗಳಲ್ಲಿರುವ ಗೆಳೆಯರು ಬೇಸಿಗೆ ಬಂದರೆ ಸಾಕು, ಇದನ್ನೇ ಕೇಳುತ್ತಾರೆ: ಲಾನ್‌ಗೆ ಸ್ಪ್ರಿಂಕ್ಲರ್ ನಾವೇ ಹಾಕಿಕೊಳ್ಳಬಹುದಾ? ಧಾರಾಳವಾಗಿ ಹಾಕಿಕೊಳ್ಳಬಹುದು. ಆದರೆ ಎಲ್ಲರ ತಲೆಯಲ್ಲೂ ಇರುವುದು ಹುಲ್ಲಿಗೆ ನೀರು ತಲುಪಿಸುವ ಚಿಂತೆ. ಚಳಿಗಾಲಕ್ಕೆ ಮುಂಚೆ ಆ ನೀರನ್ನು ಪೈಪಿನಿಂದ ಹೊರಗೆ ಹಾಕುವುದು ಹೇಗೆ ಅಂತ ಮೊದಲು ಯೋಚಿಸಬೇಕು ಅನ್ನುವುದು ನನ್ನ ವಾದ.

ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ. ತುಂಬ ಚಳಿ ಇರುವ ಕಡೆ ನೆಲ 3-4 ಅಡಿ ಆಳದವರೆಗೂ ಹೆಪ್ಪುಗಟ್ಟುತ್ತದೆ. ನಾವು ಪೈಪ್ ಹೂಳುವುದು 8ರಿಂದ 12 ಇಂಚು ಕೆಳಗೆ. ಇನ್ನೂ ಆಳಕ್ಕೆ ತೋಡುತ್ತೇನೆ ಅನ್ನುವವರಿಗೆ ದೊಡ್ಡ ನಮಸ್ಕಾರ. ಅಷ್ಟು ಬೆವರು ಸುರಿಸಿದರೂ ಸ್ಪ್ರಿಂಕ್ಲರ್ ಹೆಡ್, ಅಂದರೆ ನೀರು ಚಿಮ್ಮುವ ಮೂತಿ, ಇರುವುದು ನೆಲದ ಮಟ್ಟದಲ್ಲೇ ಅಲ್ವಾ? ಹಾಗಾಗಿ ಪೈಪ್ ಖಾಲಿ ಮಾಡದೆ ಬೇರೆ ದಾರಿಯೇ ಇಲ್ಲ.

ಪೈಪ್ ವಿಷಯದಲ್ಲಿ ನನ್ನ ಓಟು ಕಪ್ಪು ಪಾಲಿಥಿಲೀನ್‌ಗೆ. ಒಂದಿಷ್ಟು ನೀರು ಒಳಗೆ ಉಳಿದರೂ ಅದು ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ. ಪಿವಿಸಿ ಗಡುಸು, ಸೀಳುತ್ತದೆ. ಪೈಪನ್ನು ಸ್ವಲ್ಪ ಇಳಿಜಾರಾಗಿ ಹಾಕಿ, ತಗ್ಗು ಜಾಗದಲ್ಲಿ ಕೈಯಿಂದ ತೆರೆಯುವ ಡ್ರೈನ್ ವಾಲ್ವ್ ಇಡಿ. ತನ್ನಷ್ಟಕ್ಕೆ ತೆರೆದುಕೊಳ್ಳುವ ವಾಲ್ವ್ ಕೂಡ ಸಿಗುತ್ತದೆ. ನನಗದು ಇಷ್ಟವಿಲ್ಲ. ಪ್ರತಿ ಸಲ ನೀರು ನಿಲ್ಲಿಸಿದಾಗಲೂ ಪೈಪಿನಲ್ಲಿದ್ದದ್ದೆಲ್ಲ ಸುಮ್ನೆ ಮಣ್ಣುಪಾಲು.

ಡ್ರೈನ್ ಇದ್ದರೂ ಕೊನೆಗೆ ಕಂಪ್ರೆಸರಿನಿಂದ ಪೈಪಿನೊಳಗೆ ಗಾಳಿ ಊದಿಸಿ ಉಳಿದ ನೀರನ್ನು ಹೊರದಬ್ಬುವುದೇ ಭದ್ರ. ಇಲ್ಲಿ ಜನ ಕಂಪ್ರೆಸರಿನ ಒತ್ತಡ ನೋಡುತ್ತಾರೆ, ನೋಡಬೇಕಾದದ್ದು ಅದು ಎಷ್ಟು ಗಾಳಿ ಕೊಡುತ್ತದೆ ಅನ್ನುವುದನ್ನು. ಟೈರಿಗೆ ಗಾಳಿ ಹೊಡೆಯುವ ಪುಟ್ಟ ಯಂತ್ರದ ಗಾಳಿ ನೀರನ್ನು ತಳ್ಳುವುದಿಲ್ಲ, ನೀರಿನ ಮೇಲಿಂದ ಜಾರಿ ಹೋಗುತ್ತದೆ. ಸಾಲಲಿಲ್ಲ ಅಂತ ಒತ್ತಡ ಏರಿಸಬೇಡಿ. ಪಾಲಿಥಿಲೀನ್‌ಗೆ 50 ಪಿಎಸ್ಐ (ಒತ್ತಡದ ಅಳತೆ) ದಾಟಬಾರದು. ದೊಡ್ಡ ಕಂಪ್ರೆಸರ್ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಒಂದೊಂದೇ ಝೋನ್ (ಒಂದೇ ವಾಲ್ವಿನಿಂದ ನೀರು ಪಡೆಯುವ ಹೆಡ್‌ಗಳ ಗುಂಪು) ತೆರೆದು ಊದಿಸಿ. ಮೊದಲು ನೀರು ಚಿಮ್ಮುತ್ತದೆ, ಆಮೇಲೆ ಉಗುಳಿದ ಹಾಗೆ ತುಂತುರು, ಕೊನೆಗೆ ಬರೀ ಮಂಜಿನಂಥ ಹೊಗೆ. ಹೊಗೆ ಬಂತಾ, ನಿಲ್ಲಿಸಿಬಿಡಿ. ಒಣ ಗಾಳಿಯಲ್ಲೇ ತಿರುಗಿಸುತ್ತಿದ್ದರೆ ಹೆಡ್ ಒಳಗಿನ ಪ್ಲಾಸ್ಟಿಕ್ ಗಿಯರ್ ಬಿಸಿಯಾಗಿ ಹಾಳಾಗುತ್ತದೆ. ಬೇಕಾದರೆ ಇನ್ನೊಂದು ಸುತ್ತು ಮಾಡಿ. ಕಣ್ಣಿಗೆ ಕನ್ನಡಕ ಇರಲಿ, ಹೆಡ್ ಮೇಲೆ ಬಗ್ಗಬೇಡಿ.

ಇನ್ನು ಬ್ಯಾಕ್‌ಫ್ಲೋ ಪ್ರಿವೆಂಟರ್. ತೋಟದ ಕೊಳೆ ನೀರು ಕುಡಿಯುವ ನೀರಿಗೆ ವಾಪಸ್ ಸೇರದಂತೆ ತಡೆಯುವ ಸಾಧನ ಇದು. ಖರ್ಚು ಉಳಿಸಲು ಇದನ್ನು ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಲವು ಕಡೆ ಇದು ಕಾನೂನು ಪ್ರಕಾರವೂ ಕಡ್ಡಾಯ. ಗಾಳಿಯನ್ನು ಇದರ ಮೂಲಕ ಊದಬೇಡಿ, ಇದರಿಂದ ಮುಂದಿನ ಪೈಪಿಗೆ ಜೋಡಿಸಿ. ಮೊದಲ ಹಿಮಕ್ಕೆ ಒಡೆಯುವುದೂ ಹೆಚ್ಚಾಗಿ ಇದೇ, ಯಾಕೆಂದರೆ ನೆಲದ ಮೇಲೆ ಚಳಿಗೆ ಮೈಯೊಡ್ಡಿ ನಿಂತಿರುತ್ತದೆ. ಇದರಲ್ಲಿರುವ ಬಾಲ್ ವಾಲ್ವನ್ನು (ತೂತಿರುವ ಗುಂಡು ತಿರುಗಿ ನೀರು ಬಿಡುವ, ತಡೆಯುವ ವಾಲ್ವ್) ಪೂರ್ತಿ ಮುಚ್ಚಿಟ್ಟರೆ ಆ ಗುಂಡಿನ ತೂತಿನಲ್ಲಿ ಚೂರು ನೀರು ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆ ಸೀಳಲು ಅಷ್ಟು ಸಾಕು. ಮೇನ್ ವಾಲ್ವ್ ಬಂದ್ ಮಾಡಿ ನೀರೆಲ್ಲ ಇಳಿಸಿದ ಮೇಲೆ, ಈ ಬಾಲ್ ವಾಲ್ವಿನ ಹಿಡಿಯನ್ನು 45 ಡಿಗ್ರಿ ಓರೆಯಾಗಿ, ಅರೆ ತೆರೆದ ಹಾಗೆ ಬಿಡಿ.

ಉಳಿದದ್ದು ಅಂಥ ತಲೆಬಿಸಿ ಅಲ್ಲ. ನಲ್ಲಿಯಡಿ ಇಟ್ಟ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿದರೆ ಒಂದು ಝೋನ್‌ಗೆ ಎಷ್ಟು ಹೆಡ್ ಹಾಕಬಹುದು ಅಂತ ಲೆಕ್ಕ ಸಿಗುತ್ತದೆ. ತಿರುಗುವ ಹೆಡ್ಡನ್ನೂ ತಿರುಗದೆ ನೀರು ಚಿಮ್ಮುವ ಸ್ಪ್ರೇ ಹೆಡ್ಡನ್ನೂ ಒಂದೇ ಝೋನ್‌ನಲ್ಲಿ ಬೆರೆಸಬೇಡಿ. ಸ್ಪ್ರೇ ತುಂಬ ಜಾಸ್ತಿ ನೀರು ಸುರಿಯುತ್ತದೆ, ಒಂದು ಕಡೆ ಕೆಸರು, ಇನ್ನೊಂದು ಕಡೆ ಒಣಗಿದ ಹುಲ್ಲು.

ಅಂಗಳ ಚಿಕ್ಕದಾ? ಹಾಗಾದರೆ ಅಗೆಯಲೇ ಬೇಡಿ. ನಲ್ಲಿಗೆ ಟೈಮರ್, ಹುಲ್ಲಿನ ಮೇಲೆ ಹೋಸ್, ತುದಿಗೊಂದು ಸ್ಪ್ರಿಂಕ್ಲರ್. ವಾರಕ್ಕೆ ಮಳೆಯೂ ಸೇರಿ ಸುಮಾರು ಒಂದು ಇಂಚು ನೀರು ಬಿದ್ದರೆ ಹುಲ್ಲಿಗೆ ಸಾಕು. ಚಳಿ ಶುರುವಾಗುವ ಮೊದಲು ಹೋಸ್ ಬಿಚ್ಚಿ, ನೀರು ಇಳಿಸಿ, ಸುತ್ತಿ ಒಳಗಿಟ್ಟರೆ ಮುಗಿಯಿತು. ಕಂಪ್ರೆಸರ್ ಬಾಡಿಗೆಯೂ ಉಳಿಯಿತು.